ಮನೆಯ ನೆನಪೆಲ್ಲ ಒಬ್ಬಳ ತಲೆಯಲ್ಲೇ ಯಾಕೆ?

(ಹಾಸನದಲ್ಲಿ ನಮ್ಮ ಕ್ರೈಸ್ತ ಸಭೆಯ ಕುಟುಂಬ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಯ್ಯನವರು ಅಂದರೆ ನಮ್ಮ ಸಭಾಪಾಲಕರು. ಮಾತಿನ ಧಾಟಿ ಆದಷ್ಟು ಹಾಗೇ ಇದೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಅಯ್ಯನವರಿಗೆ, ಅಮ್ಮನವರಿಗೆ, ಸಭೆಯ ಹಿರಿಯರಿಗೆ, ಎಲ್ಲರಿಗೂ ವಂದನೆಗಳು.

ನನಗೆ ಕೊಟ್ಟ ವಿಷಯ ‘ಕೆಲಸ ತುಂಬಿದ ಮನೆ, ಸರಳ ಜೀವನ’. ಇದನ್ನು ಹೆಂಗಸರಿಗೆ ಮಾತ್ರ ಹೇಳಬೇಕಾ ಅಂತ ಅಯ್ಯನವರನ್ನು ಕೇಳಿದೆ. ‘ಗಂಡಸರೂ ಬರ್ತಾರೆ, ಬನ್ನಿ’ ಅಂದರು. ಬಂದಿದ್ದೀರಿ. ಎಲ್ಲರೂ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲೇ ಕೂತಿದ್ದೀರಿ, ಆದರೂ ಸಂತೋಷ. ಇವತ್ತಿನ ಮಾತು ಅರ್ಧಕ್ಕಿಂತ ಜಾಸ್ತಿ ನಿಮಗೇ.

ಸರಳತೆ ಅಂದ ಕೂಡಲೇ ಈಗ ಫೋನಿನಲ್ಲಿ ಒಂದು ಅಡುಗೆಮನೆ ತೋರಿಸುತ್ತಾರೆ. ಬಿಳಿ ಗೋಡೆ. ಒಂದೇ ಅಳತೆಯ ಗಾಜಿನ ಬಾಟಲಿಗಳ ಸಾಲು. ಒಳಗೆ ಬೇಳೆ, ಹೊರಗೆ ಅಂದವಾದ ಅಕ್ಷರದ ಚೀಟಿ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಅಷ್ಟು ಬಾಟಲಿ ಕೊಳ್ಳೋಕೆ ಎಷ್ಟಾಗುತ್ತದೆ ಅಂತ ಒಂದು ಸಲ ಲೆಕ್ಕ ಹಾಕಿ ನೋಡಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ, ಬಿಸ್ಕತ್ತಿನ ಡಬ್ಬಿಯಲ್ಲಿ ಹುಣಸೆಹಣ್ಣು ಇರುವ ನಮ್ಮ ಅಡುಗೆಮನೆಗೆ ಏನೂ ಆಗಿಲ್ಲ. ನಮ್ಮ ಮನೆಗಳಲ್ಲಿ ಕೆಟ್ಟಿರುವುದು ಬೇರೆ ಕಡೆ.

ಒಂದು ಶನಿವಾರ ಸಂಜೆ ತೆಗೆದುಕೊಳ್ಳೋಣ. ಮನೆಯಾಕೆ ಒಲೆ ಮುಂದೆ ನಿಂತಿದ್ದಾಳೆ. ಕೈ ಮುದ್ದೆ ತಿರುವುತ್ತಿದೆ. ತಲೆಯಲ್ಲಿ ಏನು ಓಡುತ್ತಿದೆ? ಅತ್ತೆಯ ಬಿಪಿ ಮಾತ್ರೆ ಎರಡೇ ಉಳಿದಿದೆ. ನಾಳೆ ಬೀದಿಗೆ ನೀರು ಬಿಡುವ ದಿನ, ಅದೂ ಆರಾಧನೆಯ ಹೊತ್ತಿಗೇ ಬಿಡುತ್ತಾರೆ. ಮಗಳು ಸಂಡೇ ಸ್ಕೂಲಿಗೆ ಬಾಯಿಪಾಠದ ವಚನ ಕಲಿತಿಲ್ಲ. ಮಗನ ಬಿಳಿ ಅಂಗಿಯ ಕಾಲರಿನ ಕಲೆ ಹೋಗಿಲ್ಲ. ಕಾಣಿಕೆ ಕವರಿಗೆ ಚಿಲ್ಲರೆ ಇಲ್ಲ. ಸೋಮವಾರ ಸಕಲೇಶಪುರದಲ್ಲಿ ಮದುವೆ, ಮುಯ್ಯಿಗೆ ಏನು ಹಾಕುವುದು? ಗ್ಯಾಸ್ ಯಾವತ್ತು ಹಾಕಿದ್ದು?

ಗಂಡ ಒಳಗೆ ಬಂದು ಕೇಳುತ್ತಾನೆ: ‘ಏನಾದ್ರೂ ಮಾಡ್ಬೇಕಾ? ಹೇಳು, ಮಾಡ್ತೀನಿ.’

ಒಳ್ಳೆಯ ಮನುಷ್ಯ. ಮನಸ್ಸಿನಿಂದಲೇ ಕೇಳಿದ್ದು. ಆದರೆ ಏನು ಮಾಡಬೇಕು ಅಂತ ನೆನಪು ಮಾಡಿಕೊಂಡು, ಹುಡುಕಿ, ಹೇಳಿ, ಆಯಿತಾ ಅಂತ ಮತ್ತೆ ವಿಚಾರಿಸುವ ಕೆಲಸ ಇನ್ನೂ ಅವಳ ಹತ್ತಿರವೇ ಉಳಿಯಿತು, ಅಲ್ವಾ? ಪಾತ್ರೆ ತೊಳೆದರೆ ಕೈ ನೋಯುತ್ತದೆ, ಮಲಗಿದರೆ ನೋವು ಹೋಗುತ್ತದೆ. ನೆನಪಿಟ್ಟುಕೊಳ್ಳುವ ಕೆಲಸ ಮಲಗಿದಾಗಲೂ ಬಿಡುವುದಿಲ್ಲ. ಎರಡು ಗಂಟೆ ರಾತ್ರಿಯಲ್ಲಿ ಎದ್ದು ‘ಅಯ್ಯೋ, ಹಿಟ್ಟು ರುಬ್ಬಿಲ್ಲ’ ಅಂತ ಗಾಬರಿಯಾಗುವುದು ಯಾರು ಅಂತ ನಿಮ್ಮ ನಿಮ್ಮ ಮನೆಯಲ್ಲಿ ಕೇಳಿಕೊಳ್ಳಿ.

ನಾನು ಇವತ್ತು ಹೇಳಬೇಕಾದ್ದು ಇದೊಂದೇ. ಕೆಲಸವನ್ನಷ್ಟೇ ಹಂಚಿದರೆ ಸಾಲದು, ಮನೆಯ ನೆನಪನ್ನೂ ಹಂಚಬೇಕು. ಉಳಿದಿದ್ದೆಲ್ಲ ಇದರ ಸುತ್ತಲಿನ ಮಾತು.

ಇಂಥ ಕೂಟಗಳಲ್ಲಿ ಮಾರ್ಥಳ ಕತೆ ಬರದೇ ಇರುವುದಿಲ್ಲ. ಲೂಕನ ಸುವಾರ್ತೆ 10ನೇ ಅಧ್ಯಾಯ. ಯೇಸು ಅವಳ ಮನೆಗೆ ಬಂದಿದ್ದಾನೆ. ತಂಗಿ ಮರಿಯಳು ಅವನ ಪಾದದ ಬಳಿ ಕೂತು ಕೇಳುತ್ತಿದ್ದಾಳೆ. ಮಾರ್ಥಳು ಒಬ್ಬಳೇ ಒದ್ದಾಡಿ, ಕೊನೆಗೆ ಬಂದು ದೂರು ಹೇಳುತ್ತಾಳೆ. ನೀನು ಅನೇಕ ವಿಷಯಗಳ ಚಿಂತೆಯಲ್ಲಿ ಇದ್ದೀಯ ಅನ್ನುತ್ತಾನೆ ಯೇಸು. ಈ ಭಾಗ ಹಿಡಿದು ಎಷ್ಟು ಪ್ರಸಂಗ ಕೇಳಿದ್ದೇವೆ! ಹೆಂಗಸರೇ, ಮಾರ್ಥಳ ಹಾಗೆ ಆಗಬೇಡಿ ಅನ್ನುತ್ತಾರೆ. ಪ್ರಸಂಗ ಮುಗಿದ ಮೇಲೆ ಎಲ್ಲರೂ ಎಲೆ ಮುಂದೆ ಕೂರುತ್ತಾರೆ. ಬಡಿಸುವವಳು ಮಾರ್ಥಳೇ.

ಆದರೆ ಅವಳ ಕತೆ ಅಲ್ಲಿಗೇ ಮುಗಿಯುವುದಿಲ್ಲ. ಯೋಹಾನನ ಸುವಾರ್ತೆ 12ನೇ ಅಧ್ಯಾಯ ತೆಗೆಯಿರಿ. ಪಸ್ಕ ಹಬ್ಬಕ್ಕೆ ಆರು ದಿನ ಮುಂಚೆ, ಬೇಥಾನ್ಯದಲ್ಲಿ ಯೇಸುವಿಗೆ ಊಟ. ಅಲ್ಲೂ ಒಂದು ಸಣ್ಣ ಮಾತಿದೆ: ಮಾರ್ಥಳು ಉಪಚಾರ ಮಾಡುತ್ತಿದ್ದಳು. ಅದೇ ಹೆಂಗಸು, ಅದೇ ಕೆಲಸ. ಈ ಸಲ ದೂರಿಲ್ಲ. ಯಾರೂ ಅವಳನ್ನು ತಿದ್ದಲೂ ಇಲ್ಲ. ಮಧ್ಯದಲ್ಲಿ ಏನು ಬದಲಾಯಿತು ಅಂತ ಯೋಹಾನ ಬರೆದಿಲ್ಲ. ಈ ಸಲ ಅವಳು ಅಡುಗೆಯ ಬಗೆ ಕಡಿಮೆ ಮಾಡಿದ್ದಳು ಅಂತ ನನ್ನ ಊಹೆ. ಊಹೆ ಅಷ್ಟೇ, ಅಯ್ಯನವರು ಕ್ಷಮಿಸಬೇಕು.

ನಮ್ಮ ಮನೆಕೂಟಗಳ ವಿಷಯಕ್ಕೆ ಬರುತ್ತೇನೆ. ಇದು ಕೆಲವರಿಗೆ ಬೇಸರ ಆಗಬಹುದು, ಆದರೂ ಹೇಳಬೇಕು.

ನಾವು ಚಿಕ್ಕವರಿದ್ದಾಗ ಮನೆಕೂಟ ಅಂದರೆ ಚಾಪೆ, ಬೈಬಲ್, ಕೀರ್ತನೆ ಪುಸ್ತಕ, ಕೊನೆಯಲ್ಲಿ ಕಡ್ಲೆಪುರಿ, ಟೀ. ಈಗ ಏನಾಗಿದೆ? ಒಬ್ಬರ ಮನೆಯಲ್ಲಿ ಕೇಸರಿಬಾತು ಕೊಟ್ಟರು. ಮುಂದಿನ ಮನೆಯವರು ಕೇಸರಿಬಾತಿನ ಜೊತೆ ಕಟ್ಲೆಟ್ ಇಟ್ಟರು. ಅದರ ಮುಂದಿನ ಮನೆಯಲ್ಲಿ ಚಿಕನ್ ಬಿರಿಯಾನಿ. ಈಗ ಐಸ್‌ಕ್ರೀಮ್ ತನಕ ಬಂದಿದೆ.

ಅಂಥ ಒಂದು ಕೂಟದಲ್ಲಿ ಅಡುಗೆಮನೆಗೆ ಹತ್ತಿರ ಕೂತು ನೋಡಿ. ನಡುಮನೆಯಲ್ಲಿ ಕೀರ್ತನೆ ಎರಡನೇ ಚರಣಕ್ಕೆ ಬಂದಿರುತ್ತದೆ. ಒಳಗಿನಿಂದ ಎಣ್ಣೆಯ ಸದ್ದು. ಮನೆಯಾಕೆ ಬೋಂಡ ಬಿಡುತ್ತಾ ಅಲ್ಲಿಂದಲೇ ದನಿ ಸೇರಿಸುತ್ತಾಳೆ. ವಾಕ್ಯ ಓದುವಾಗ ಕುಕ್ಕರ್ ಕೂಗುತ್ತದೆ. ಅವಳ ಮನೆಗಾಗಿ, ಅವಳ ಮಕ್ಕಳ ಹೆಸರು ಹಿಡಿದು ಪ್ರಾರ್ಥನೆ ಮಾಡುವಾಗ ಅವಳು ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಕೊನೆಯ ಆಶೀರ್ವಾದಕ್ಕೆ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಕೂಟ ನಡೆದದ್ದು ಅವಳ ಮನೆಯಲ್ಲಿ. ಕೂಟದಲ್ಲಿ ಇಲ್ಲದವಳು ಅವಳೊಬ್ಬಳೇ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕೂಲಿ ಮಾಡಿ ಬದುಕುವ ಕುಟುಂಬಗಳು ‘ನಮ್ಮನೇಲಿ ಮುಂದಿನ ಸಲ ನೋಡೋಣ’ ಅನ್ನಲು ಶುರು ಮಾಡಿದ್ದಾರೆ. ಮುಂದಿನ ಸಲ ಬರುವುದಿಲ್ಲ. ಅವರಿಗೆ ಭಕ್ತಿ ಕಡಿಮೆ ಆಗಿದೆ ಅಂತ ಯಾರೋ ಅಂದರು. ಭಕ್ತಿ ಕಡಿಮೆ ಆಗಿಲ್ಲ ತಾಯಿ, ನಮ್ಮ ಬಿರಿಯಾನಿ ಜಾಸ್ತಿ ಆಗಿದೆ. ಟೀ ಮತ್ತು ಒಂದು ತಿಂಡಿ, ಎಲ್ಲ ಮನೆಗೂ ಒಂದೇ ಅಂತ ಸಭೆಯೇ ತೀರ್ಮಾನ ಮಾಡಬೇಕು. ಒಬ್ಬೊಬ್ಬರೇ ನಿಲ್ಲಿಸಲು ಹೋದರೆ ಜಿಪುಣರು ಅನ್ನಿಸಿಕೊಳ್ಳುತ್ತಾರೆ. ಎಲ್ಲರೂ ಸೇರಿ ನಿಲ್ಲಿಸಿದರೆ ಅದು ಕ್ರಮ ಆಗುತ್ತದೆ.

ಈಗ ನೆನಪು ಹಂಚುವ ವಿಷಯ. ಇದಕ್ಕೆ ಮಾರ್ಥಳಿಗಿಂತ ಮೋಶೆಯ ಕತೆ ಸರಿ. ವಿಮೋಚನಕಾಂಡ 18ನೇ ಅಧ್ಯಾಯ. ಮೋಶೆ ಇಸ್ರಾಯೇಲ್ ಜನರ ನಾಯಕ. ಅವನ ಮಾವ ಇತ್ರೋ ಅಳಿಯನನ್ನು ನೋಡಲು ಬರುತ್ತಾನೆ, ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು. ಮಾರನೆಯ ದಿನ ನೋಡುತ್ತಾನೆ, ಬೆಳಗಿನಿಂದ ಸಂಜೆ ತನಕ ಜನ ಮೋಶೆಯ ಸುತ್ತ ನಿಂತಿದ್ದಾರೆ. ಎಲ್ಲ ವ್ಯಾಜ್ಯಕ್ಕೂ ಅವನೇ ಬೇಕು. ನಮ್ಮ ಮನೆಗೆ ಬರುವ ಮಾವಂದಿರು ಕಾಫಿ ಎಲ್ಲಿ ಅಂತ ಕೇಳುತ್ತಾರೆ. ಇತ್ರೋ ಹಾಗಲ್ಲ. ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ನೀನೂ ಬಳಲುತ್ತೀಯ, ಜನರೂ ಬಳಲುತ್ತಾರೆ ಅಂತ ನೇರ ಹೇಳಿದ. ಸಾವಿರ ಜನಕ್ಕೆ ಒಬ್ಬ, ನೂರಕ್ಕೆ ಒಬ್ಬ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಅಂತ ನೇಮಿಸಲು ಹೇಳಿದ.

ಇಲ್ಲಿ ಗಮನಿಸಿ. ಬೇಗ ಬೇಗ ಕೆಲಸ ಮಾಡು ಅಂತ ಇತ್ರೋ ಹೇಳಲಿಲ್ಲ. ಬೆಳಿಗ್ಗೆ ಇನ್ನೊಂದು ಗಂಟೆ ಮುಂಚೆ ಏಳು ಅಂತಲೂ ಹೇಳಲಿಲ್ಲ. ನಮಗೆ ಸಿಗುವ ಬುದ್ಧಿಮಾತೆಲ್ಲ ಈ ಎರಡೇ, ಅಲ್ವಾ? ನೇಮಕವಾದವರು ಮೋಶೆಯ ಹಿಂದೆ ನಿಂತು ‘ಏನು ಮಾಡ್ಬೇಕು ಹೇಳಿ’ ಅನ್ನುವವರೂ ಆಗಿರಲಿಲ್ಲ. ಸಣ್ಣ ವಿಷಯಗಳನ್ನು ಅವರೇ ತೀರಿಸಬೇಕು. ದೊಡ್ಡದು ಮಾತ್ರ ಮೋಶೆಗೆ.

ನಮ್ಮ ಮನೆಯಲ್ಲಿ ಹೇಗೆ ಮಾಡಿದ್ದೇವೆ ಅಂತ ಹೇಳುತ್ತೇನೆ. ನಾನು ಹೈಸ್ಕೂಲ್ ಟೀಚರ್. ಯಜಮಾನರಿಗೆ ಆಫೀಸು. ಅತ್ತೆ ಜೊತೆಗಿದ್ದಾರೆ, ಇಬ್ಬರು ಮಕ್ಕಳು. ಅಡುಗೆಮನೆ ಗೋಡೆಯಲ್ಲಿ ಒಂದು ದೊಡ್ಡ ಕ್ಯಾಲೆಂಡರ್ ಇದೆ. ಅಂಗಡಿಯವರು ಪುಕ್ಕಟೆ ಕೊಟ್ಟಿದ್ದು. ಮೇಲೆ ರಾಹುಕಾಲ, ತಿಥಿ, ನಕ್ಷತ್ರ ಎಲ್ಲ ಅಚ್ಚಾಗಿದೆ. ಸಂಕಷ್ಟಿಯ ದಿನದ ಚೌಕದಲ್ಲಿ ಗಣಪತಿ ಚಿತ್ರ, ಅದರ ಕೆಳಗೆ ನನ್ನ ಕೈಬರಹ: ‘ಸ್ತ್ರೀಯರ ಕೂಟ, 4 ಗಂಟೆ.’ ಮೊಳೆಗೆ ದಾರ ಕಟ್ಟಿ ಪೆನ್ಸಿಲ್ ನೇತುಹಾಕಿದ್ದೇವೆ. ಪೆನ್ ಇಟ್ಟರೆ ಮಕ್ಕಳು ಒಯ್ಯುತ್ತಾರೆ. ಹಾಲಿನ ಲೆಕ್ಕ, ಅತ್ತೆಯ ಡಾಕ್ಟರ್ ದಿನ, ಮಗನ ಟೆಸ್ಟು, ಎಲ್ಲ ಅದರಲ್ಲೇ. ಯಾರಿಗೆ ಗೊತ್ತೋ ಅವರೇ ಬರೆಯಬೇಕು. ‘ಅಮ್ಮ, ನಾಳೆ ಸ್ಕೂಲಿಗೆ ಚಾರ್ಟ್ ಬೇಕು’ ಅಂತ ರಾತ್ರಿ ಒಂಬತ್ತಕ್ಕೆ ಬಂದರೆ ನಾನು ಕ್ಯಾಲೆಂಡರ್ ತೋರಿಸುತ್ತೇನೆ. ಅಲ್ಲಿ ಇದ್ದರೆ ನನ್ನ ಹೊಣೆ, ಇಲ್ಲದಿದ್ದರೆ ಟೀಚರ್ ಹತ್ತಿರ ಅವರೇ ಮಾತಾಡಿಕೊಳ್ಳಲಿ. ನಾನೂ ಟೀಚರ್ರೇ. ಚಾರ್ಟ್ ತರದ ಮಗುವನ್ನು ಯಾರೂ ತಿಂದುಬಿಡುವುದಿಲ್ಲ ಅಂತ ನನಗೆ ಗೊತ್ತು.

ಗ್ಯಾಸ್ ಯಜಮಾನರದ್ದು. ಬುಕ್ ಮಾಡುವುದಷ್ಟೇ ಅಲ್ಲ, ಪೂರ್ತಿ. 14.2 ಕೆಜಿ ಸಿಲಿಂಡರ್ ನಮ್ಮ ಮನೆಗೆ ಎಷ್ಟು ದಿನ ಬರುತ್ತದೆ ಅಂತ ಅವರಿಗೇ ಗೊತ್ತಿರಬೇಕು. ಹೊಸದು ಹಾಕಿದ ತಾರೀಖು ಅವರೇ ಬರೆಯುತ್ತಾರೆ. ಶುರುವಿನಲ್ಲಿ ಒಂದು ರಾತ್ರಿ ಎಸರು ಕುದಿಯುವಾಗ ಗ್ಯಾಸ್ ಖಾಲಿಯಾಯಿತು. ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಮೊಸರು ಅವಲಕ್ಕಿ ತಿಂದು ಮಲಗಿದೆವು. ಜವಾಬ್ದಾರಿ ಕೊಟ್ಟ ಮೇಲೆ ಒಂದು ಸಲ ತಪ್ಪಲೂ ಬಿಡಬೇಕು. ‘ನಿಮ್ಮ ಕೈಲಾಗಲ್ಲ ಬಿಡಿ, ನಾನೇ ನೋಡ್ಕೋತೀನಿ’ ಅಂದರೆ ಅದು ವಾಪಸ್ ನಿಮ್ಮ ತಲೆಗೇ ಬರುತ್ತದೆ. ಅಮ್ಮಂದಿರೇ, ಈ ಮಾತು ನಿಮಗೆ. ನಮಗೂ ಎಲ್ಲ ನಾವೇ ಹಿಡಿದುಕೊಂಡಿರಬೇಕು ಅನ್ನೋ ಆಸೆ ಸ್ವಲ್ಪ ಇರುತ್ತದೆ. ಒಪ್ಪಿಕೊಳ್ಳಿ.

ಅತ್ತೆಯ ಮಾತ್ರೆ ಮಗನ ಹೊಣೆ. ಒಂಬತ್ತನೇ ಕ್ಲಾಸು. ವಾರದ ಮಾತ್ರೆಗಳನ್ನು ಡಬ್ಬಿಗೆ ತುಂಬಿಡುತ್ತಾನೆ, ಮುಗಿಯುವ ಮುಂಚೆ ಅಂಗಡಿಗೆ ಹೋಗುತ್ತಾನೆ. ಶುರುವಿನಲ್ಲಿ ನಾನು ಜೊತೆಗೆ ನಿಂತು ಚೀಟಿ ನೋಡಿ ತುಂಬಿಸಿದೆ. ಈಗ ಅಜ್ಜಿ ಒಂದು ಮಾತ್ರೆ ತಪ್ಪಿಸಿದರೆ ಅವನೇ ಗದರುತ್ತಾನೆ. ಅಜ್ಜಿಗೆ ಅದು ಇಷ್ಟ. ಹಾಲಿನ ಲೆಕ್ಕ ಮಗಳದ್ದು. ಅತ್ತೆಗೂ ಒಂದು ಹೊಣೆ ಇದೆ: ರಾತ್ರಿಯ ಕುಟುಂಬ ಪ್ರಾರ್ಥನೆಗೆ ಏನು ಓದಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ವಯಸ್ಸಾದವರಿಗೆ ಅವರೆಕಾಯಿ ಬಿಡಿಸಲು ಮಾತ್ರ ಕೊಡುವುದು ಸರಿಯಲ್ಲ.

ಭಾನುವಾರದ ಬೆಳಿಗ್ಗೆ ಬಗ್ಗೆ ಸ್ವಲ್ಪ ಹೇಳಲೇಬೇಕು. ಆರಾಧನೆಗೆ ಹೊರಡುವ ಅರ್ಧ ಗಂಟೆ ಮುಂಚೆ ಯಾವ ಮನೆಗಾದರೂ ಹೋಗಿ ನೋಡಿ, ವಾರದಲ್ಲಿ ಅತಿ ಹೆಚ್ಚು ಜಗಳ ಆಗುವ ಹೊತ್ತು ಅದು. ಸಾಕ್ಸ್ ಒಂದೇ ಸಿಗುತ್ತದೆ. ಒಬ್ಬರು ಚಿಕನ್ ಅಂಗಡಿ ಸಾಲಿನಲ್ಲಿ, ಒಬ್ಬರು ಬಾತ್‌ರೂಮಿನಲ್ಲಿ. ಆಮೇಲೆ ಮುಖ ಸರಿ ಮಾಡಿಕೊಂಡು ಬಂದು ಬೆಂಚಿನಲ್ಲಿ ಕೂರುತ್ತೇವೆ.

ಮನ್ನದ ಕತೆಯಲ್ಲಿ ಇದಕ್ಕೆ ಉತ್ತರ ಇದೆ. ವಿಮೋಚನಕಾಂಡ 16. ಮನ್ನ ಅಂದರೆ ಅಡವಿಯಲ್ಲಿ ಇಸ್ರಾಯೇಲ್ ಜನರಿಗೆ ದೇವರು ಕೊಟ್ಟ ಆಹಾರ. ದಿನಕ್ಕೆ ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರಿನ ಅಳತೆ. ನಾಳೆಗೆ ಅಂತ ಬಚ್ಚಿಟ್ಟವರದ್ದು ಹುಳ ಬಿದ್ದು ನಾರಿತು. ನಮ್ಮ ಫ್ರಿಜ್ಜುಗಳ ತಳದ ಡಬ್ಬ ಎಳೆದು ನೋಡಿದರೆ ಆ ವಚನ ಅರ್ಥವಾಗುತ್ತದೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅಗ್ಗ ಸಿಕ್ಕಿತು ಅಂತ ತಂದ ಕೊತ್ತಂಬರಿ ಅಲ್ಲಿ ಕಪ್ಪಾಗಿ ಕೂತಿರುತ್ತದೆ. ಆದರೆ ಆರನೇ ದಿನ ಮಾತ್ರ ಎರಡು ಓಮೆರ್ ಕೂಡಿಸಬೇಕಿತ್ತು. ಬೇಯಿಸುವುದನ್ನು ಅಂದೇ ಬೇಯಿಸಿಡಬೇಕಿತ್ತು. ಸಬ್ಬತ್ತಿನ, ಅಂದರೆ ಏಳನೇ ದಿನದ ಬಿಡುವು ಹಿಂದಿನ ದಿನದ ತಯಾರಿಯಿಂದ ಬಂತು. ಸುಮ್ನೆ ಬರಲಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಸಾರು ಶನಿವಾರ ಸಂಜೆಯೇ ಆಗುತ್ತದೆ. ಕೋಳಿಯೋ ಮಟನ್ನೋ, ಒಂದೇ ಬಗೆ. ಮಾರನೆಯ ದಿನದ ಸಾರಿಗೆ ರುಚಿ ಜಾಸ್ತಿ ಅಂತ ನಿಮಗೆ ನಾನು ಹೇಳಬೇಕಾ? ಭಾನುವಾರ ಬಂದು ಮುದ್ದೆ ಕಟ್ಟಿ, ಸಾರು ಬಿಸಿ ಮಾಡಿದರೆ ಮುಗಿಯಿತು. ಬಟ್ಟೆ ಇಸ್ತ್ರಿ, ಕಾಣಿಕೆ, ಬೈಬಲ್, ಚಪ್ಪಲಿ ಅವರವರದ್ದು ಅವರವರು ಶನಿವಾರ ಮಲಗುವ ಮುಂಚೆ ಇಡಬೇಕು. ಭಾನುವಾರ ಬೆಳಿಗ್ಗೆ ನನ್ನನ್ನು ‘ಎಲ್ಲಿದೆ’ ಅಂತ ಯಾರೂ ಕೇಳುವ ಹಾಗಿಲ್ಲ. ಕೇಳುತ್ತಾರೆ, ಆದರೂ ಕಡಿಮೆಯಾಗಿದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸಭೆಗೆ ಕೊಡುವ ದಶಮಾಂಶ, ಮಕ್ಕಳ ಫೀಸು, ಸಂಘದ ಕಂತು, ಚೀಟಿ, ಇವು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಬೇಕು. ಒಬ್ಬರಿಗೆ ಮಾತ್ರ ಗೊತ್ತಿರುವ ಸಾಲ ಮನೆಯಲ್ಲಿ ಇರಬಾರದು. ಅಷ್ಟೇ.

ಡಿಸೆಂಬರ್ ಬಗ್ಗೆ ಮಾತ್ರ ನಿಧಾನವಾಗಿ ಮಾತಾಡಬೇಕು. ನಮ್ಮಲ್ಲಿ ಅನೇಕರ ಮನೆ ಸಕಲೇಶಪುರ, ಬೇಲೂರು ಕಡೆಯ ತೋಟಗಳಿಗೆ ಸೇರಿದ್ದು. ಕೆಲವರಿಗೆ ತೋಟ ಇದೆ, ಜಾಸ್ತಿ ಜನಕ್ಕೆ ತೋಟದಲ್ಲಿ ಕೆಲಸ ಇದೆ. ಅರೇಬಿಕ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿ ತನಕ. ಕ್ರಿಸ್‌ಮಸ್ ಸರಿಯಾಗಿ ಅದರ ನಡುವೆ ಬರುತ್ತದೆ. ಜನವರಿ ನಂತರ ರೊಬಸ್ಟ, ಅದು ಮುಗಿಯುವಷ್ಟರಲ್ಲಿ ಈಸ್ಟರಿಗೆ ಮುಂಚಿನ ಲೆಂಟ್ ದಿನಗಳು, ಮಕ್ಕಳ ಎಸ್‌ಎಸ್‌ಎಲ್‌ಸಿ. ಬೇರೆ ಊರಿನವರು ಡಿಸೆಂಬರಿನಲ್ಲಿ ರಜೆ ಹಾಕಿ ಕೇಕ್ ಮಾಡಬಹುದು. ಕಣದಲ್ಲಿ ಕಾಫಿ ಹರಡಿಕೊಂಡವರು ಮೋಡ ನೋಡುತ್ತಾ ಕೂರಬೇಕು. ರಾತ್ರಿ ಕ್ಯಾರೋಲ್‌ನವರು ಬರುತ್ತಾರೆ, ಅವರಿಗೂ ಏನಾದರೂ ಕೊಡಬೇಕು.

ಅದಕ್ಕೇ ನವೆಂಬರಿನಲ್ಲೇ ಮನೆಯವರೆಲ್ಲ ಕೂತು ಈ ಸಲ ಏನು ಮಾಡುವುದಿಲ್ಲ ಅಂತ ಬರೆದುಕೊಳ್ಳಬೇಕು. ಮಾಡುವುದರ ಪಟ್ಟಿ ತಾನಾಗೇ ಬೆಳೆಯುತ್ತದೆ, ಅದಕ್ಕೆ ಯಾರೂ ಕೂರಬೇಕಾಗಿಲ್ಲ. ನಮ್ಮ ಮನೆಯಲ್ಲಿ ಕೇಕ್ ಬಿಟ್ಟೆವು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಿಗೆ ಹೆಸರು ತಂದ ಕುಟುಂಬಗಳು ನಮ್ಮ ಹಾಸನ ಜಿಲ್ಲೆಯವು. ಅಂಥ ಜಿಲ್ಲೆಯಲ್ಲಿದ್ದುಕೊಂಡು ಕೇಕ್ ಮನೆಯಲ್ಲೇ ಆಗಬೇಕು ಅಂತ ಯಾಕೆ ಹಠ? ಮೊಟ್ಟೆ ಇಲ್ಲದಿದ್ದರೂ ಕೇಕೇ. ಅಚ್ಚಿನ ರೋಸ್ ಕುಕ್ಕೀಸ್ ಬಿಟ್ಟೆವು. ಅದು ಒಬ್ಬರೇ ಒಲೆ ಮುಂದೆ ನಿಂತು ಮಾಡುವ ಕೆಲಸ, ಅಚ್ಚು ಹಿಡಿದ ಕೈ ಬದಲಾಯಿಸಲು ಆಗುವುದಿಲ್ಲ.

ಕಲ್‌ಕಲ್ ಉಳಿಸಿಕೊಂಡೆವು. ಯಾಕೆ ಅಂದರೆ ಅದನ್ನು ಒಬ್ಬರು ಮಾಡಲು ಆಗುವುದೇ ಇಲ್ಲ. ಮೈದಾಕ್ಕೆ ತೆಂಗಿನ ಹಾಲು, ಸಕ್ಕರೆ ಹಾಕಿ ಕಲಸಿದ ಹಿಟ್ಟು ಮಧ್ಯದಲ್ಲಿ. ಸುತ್ತ ಎಲ್ಲರೂ. ಗೋಲಿಯಷ್ಟು ಹಿಟ್ಟು ತೆಗೆದು ಫೋರ್ಕಿನ ಬೆನ್ನಿಗೆ ಹೆಬ್ಬೆರಳಿನಿಂದ ಒತ್ತಿ, ಸುರುಳಿ ಸುತ್ತಿ ಜಾರಿಸಬೇಕು. ಗೀರು ಬಿದ್ದ ಸಣ್ಣ ಶಂಖ ಕೈಗೆ ಬರುತ್ತದೆ. ನಮ್ಮ ಮನೆಯಲ್ಲಿ ಫೋರ್ಕ್ ಸಾಲದೆ ಹೊಸ ಬಾಚಣಿಗೆ ತಂದಿಟ್ಟಿದ್ದೇವೆ. ಅತ್ತೆಯದ್ದು ಎಲ್ಲ ಒಂದೇ ಸಮ, ಮಗನದ್ದು ಒಂದೊಂದು ಒಂದೊಂದು ಗಾತ್ರ. ಕೈಗೆ ಹಿಟ್ಟು ಮೆತ್ತಿರುವುದರಿಂದ ಯಾರೂ ಫೋನ್ ಮುಟ್ಟುವುದಿಲ್ಲ. ವರ್ಷದಲ್ಲಿ ಮಕ್ಕಳು ನಮ್ಮ ಜೊತೆ ಅಷ್ಟು ಹೊತ್ತು ಮಾತಾಡುವ ಸಂಜೆ ಇನ್ನೊಂದಿಲ್ಲ. ಕರಿಯುವುದು ಯಜಮಾನರು. ಹಬ್ಬದಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಇಡಬೇಕು ಅಂತ ನನ್ನನ್ನು ಕೇಳಿದರೆ ಎಲ್ಲರೂ ಕೂತು ಮಾಡುವುದನ್ನು ಇಡಿ, ಒಬ್ಬಳೇ ನಿಂತು ಮಾಡುವುದನ್ನು ಬಿಡಿ ಅಂತ ಹೇಳುತ್ತೇನೆ.

ದೀಪಾವಳಿ ಹತ್ತಿರ ಹಾಸನಾಂಬೆಯ ಗುಡಿ ಬಾಗಿಲು ತೆಗೆದಾಗಲೂ ಇದೇ ಲೆಕ್ಕ. ವರ್ಷಕ್ಕೊಮ್ಮೆ ಕೆಲವೇ ದಿನ ತೆಗೆಯುವ ಗುಡಿ. ಯಜಮಾನರ ಸ್ನೇಹಿತರು, ನನ್ನ ಹಳೆಯ ಸಹೋದ್ಯೋಗಿಗಳು ದರ್ಶನಕ್ಕೆ ಬಂದವರು ನಮ್ಮ ಮನೆಗೂ ಬರುತ್ತಾರೆ. ಬರಬೇಕು. ಆ ವಾರ ಮನೆಯಲ್ಲಿ ಮಾಂಸ ಇಲ್ಲ. ಚಿತ್ರಾನ್ನ, ಮೊಸರನ್ನ. ಸಾಲಿನಲ್ಲಿ ನಿಂತು ಸುಸ್ತಾದವರಿಗೆ ಬೇಕಾಗಿರುವುದು ಕಾಲು ಚಾಚಲು ಜಾಗ.

ಇನ್ನೊಬ್ಬ ತಾಯಿಯ ಬಗ್ಗೆ ಹೇಳುತ್ತೇನೆ. ಸುಸಾನಾ ವೆಸ್ಲಿ. ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್, 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದ್ದು, ಅವಳ ಮಗ, ಧರ್ಮಬೋಧಕ ಜಾನ್ ವೆಸ್ಲಿಯ ಹೆಸರಿನಿಂದಲೇ ಬಂದಿದ್ದು. ನಮ್ಮ ಹಾಸನದ ರೆಡ್‌ಫರ್ನ್ ಆಸ್ಪತ್ರೆಯ ಬೇರೂ ಅಲ್ಲೇ. ಆಕೆ ಇಂಗ್ಲೆಂಡಿನ ಎಪ್‌ವರ್ತ್ ಎಂಬ ಸಣ್ಣ ಊರಿನಲ್ಲಿದ್ದಳು. ಗಂಡ ಸಭಾಪಾಲಕ. 1705ರಲ್ಲಿ ಅವನು ಸಾಲಕ್ಕಾಗಿ ಜೈಲಿಗೂ ಹೋದ. 1709ರಲ್ಲಿ ಮನೆ ಸುಟ್ಟುಹೋಯಿತು. ಹೆತ್ತ ಮಕ್ಕಳು ಹತ್ತೊಂಬತ್ತು, ಸುಮಾರು ಅರ್ಧ ಚಿಕ್ಕಂದಿನಲ್ಲೇ ತೀರಿಹೋದವು. ಉಳಿದ ಮಕ್ಕಳಿಗೆ ಮನೆಯಲ್ಲಿ ಅವಳೇ ಪಾಠ ಹೇಳುತ್ತಿದ್ದಳು.

ಇಷ್ಟರ ನಡುವೆ ಅವಳು ಒಂದು ಕ್ರಮ ಮಾಡಿಕೊಂಡಿದ್ದಳು. ದಿನಕ್ಕೆ ಒಂದು ಮಗುವಿನ ಜೊತೆ ಬೇರೆಯಾಗಿ ಕೂತು ಮಾತು. ಸೋಮವಾರ ಮಾಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ಚಾರ್ಲ್ಸ್. ಭಾನುವಾರ ದೊಡ್ಡ ಹೆಣ್ಣುಮಕ್ಕಳಿಬ್ಬರು ಒಟ್ಟಿಗೆ. ಇದನ್ನು ಅವಳೇ ಗಂಡನಿಗೆ ಬರೆದ ಪತ್ರದಲ್ಲಿ ಹೇಳಿದ್ದಾಳೆ. ಇಪ್ಪತ್ತು ವರ್ಷ ಆದ ಮೇಲೆ, 1732ರಲ್ಲಿ, ಆಕ್ಸ್‌ಫರ್ಡಿನಲ್ಲಿದ್ದ ಜಾನ್ ತಾಯಿಗೆ ಬರೆಯುತ್ತಾನೆ. ಮುಂಚೆ ನನಗೆ ಕೊಡುತ್ತಿದ್ದ ಗುರುವಾರ ಸಂಜೆಯ ಆ ಸ್ವಲ್ಪ ಹೊತ್ತನ್ನು ಈಗಲೂ ನನಗಾಗಿ ಇಡಲು ಆಗುತ್ತದೆಯೇ ಅಂತ ಕೇಳುತ್ತಾನೆ. ಆಗ ಅವನಿಗೆ 28 ವರ್ಷ.

ಸುಸಾನಾಳ ಎಲ್ಲವನ್ನೂ ನಾನು ಒಪ್ಪುವುದಿಲ್ಲ. ಒಂದು ವರ್ಷ ತುಂಬುವಷ್ಟರಲ್ಲೇ ಮಕ್ಕಳಿಗೆ ಬೆತ್ತದ ಭಯ ಕಲಿಸಿ, ಅತ್ತರೂ ಮೆಲ್ಲಗೆ ಅಳಬೇಕು ಅಂತ ಬೆಳೆಸಿದವಳು ಅವಳು. ಅದು ಆ ಕಾಲಕ್ಕೆ ಇರಲಿ. ಆದರೆ ಆ ಗುರುವಾರ ನನಗೆ ಬೇಕು. ‘ಮಕ್ಕಳಿಗೆ ಟೈಮ್ ಕೊಡಬೇಕು’ ಅಂತ ಎಲ್ಲರೂ ಹೇಳುತ್ತೇವೆ. ಯಾವ ಮಗುವಿಗೆ, ಯಾವ ವಾರ ಅಂತ ಹೇಳದಿದ್ದರೆ ಅದು ಯಾರಿಗೂ ಸಿಗುವುದಿಲ್ಲ. ಗದ್ದಲ ಮಾಡುವ ಮಗುವಿಗೆ ಎಲ್ಲ ಸಿಗುತ್ತದೆ, ಸುಮ್ಮನಿರುವ ಮಗುವಿಗೆ ಏನೂ ಸಿಗುವುದಿಲ್ಲ. ತರಗತಿಯಲ್ಲಿ ದಿನಾ ನೋಡುತ್ತೇನೆ ನಾನು.

ಕೊನೆಗೆ ಒಂದು ಮಾತು ಹಿಂದಿನ ಸಾಲಿನವರಿಗೆ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಯೆರೂಸಲೇಮಿನ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಮರೆತುಬಿಡುತ್ತಿದ್ದರು. ನೋಡಿ, ಅಲ್ಲೂ ಆದದ್ದು ಮರೆವು. ಅವರ ಕಡೆಯವರು ಗುಣುಗುಟ್ಟಿದರು. ಅಪೊಸ್ತಲರು ಏನು ಮಾಡಿದರು? ಊಟದ ವ್ಯವಸ್ಥೆಗೆ ಏಳು ಜನರನ್ನು ಆರಿಸಲು ಹೇಳಿದರು. ಒಳ್ಳೆಯ ಹೆಸರು, ಜ್ಞಾನ, ಪವಿತ್ರಾತ್ಮ ತುಂಬಿದವರೇ ಬೇಕು ಅಂದರು. ಬಡಿಸುವ ಕೆಲಸಕ್ಕೆ! ಸ್ತೆಫನ, ಫಿಲಿಪ್ಪ ಮತ್ತು ಇನ್ನೈದು ಜನ. ಏಳಕ್ಕೆ ಏಳೂ ಗಂಡಸರು. ನಮ್ಮ ಸಭೆಯಲ್ಲೂ ಗಂಡ ತೀರಿಹೋದ, ಗಂಡ ಗಲ್ಫಿನಲ್ಲಿರುವ, ಒಬ್ಬರೇ ಮನೆ ನಡೆಸುವ ತಾಯಂದಿರು ಇದ್ದಾರೆ. ಅವರಿಗೆ ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಅವರ ಮನೆಯ ಕರೆಂಟು ಬಿಲ್ಲೋ, ಆಸ್ಪತ್ರೆಯ ಓಡಾಟವೋ ಯಾರ ನೆನಪಿನಲ್ಲಿ ಇರಬೇಕು? ಹೆಸರು ಹಿಡಿದು ತೀರ್ಮಾನ ಆಗಬೇಕು. ‘ಎಲ್ಲರೂ ನೋಡಿಕೊಳ್ಳೋಣ’ ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬ ತಂಗಿ ಕೇಳಿದಳು: ‘ಅಕ್ಕ, ನಮ್ಮತ್ತೆ ಮಗನ್ನ ಅಡುಗೆಮನೆಗೇ ಬಿಡೋಲ್ಲ. ಗಂಡಸು ಪಾತ್ರೆ ಮುಟ್ಟಿದ್ರೆ ನನಗೇ ಬೈತಾರೆ. ಏನ್ ಮಾಡ್ಲಿ?’

ಬಿಡದಿದ್ದರೆ ಬೇಡ. ಅಡುಗೆಮನೆಗಾಗಿ ಜಗಳ ಬೇಡ. ಹೊರಗೆ ಬೇಕಾದಷ್ಟಿದೆ. ನೀರು, ಗ್ಯಾಸ್, ಬಿಲ್ಲು, ಮಕ್ಕಳ ಸ್ಕೂಲಿನ ವಾಟ್ಸಾಪ್ ಗುಂಪು, ಅತ್ತೆಯ ಆಸ್ಪತ್ರೆ. ಆ ಸ್ಕೂಲ್ ಗುಂಪಿನಿಂದ ನೀನು ಹೊರಗೆ ಬಾ, ನಿನ್ನ ಯಜಮಾನರ ನಂಬರ್ ಕೊಡು. ಅತ್ತೆಯನ್ನು ಆಸ್ಪತ್ರೆಗೆ ಮಗನೇ ಕರೆದುಕೊಂಡು ಹೋದರೆ ಅವರು ಬೇಡ ಅನ್ನುತ್ತಾರಾ? ಖುಷಿಯೇ ಪಡುತ್ತಾರೆ.

ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಒಬ್ಬರು ಎದ್ದು ನಿಂತರು. ‘ಕೊಯ್ಲಿನ ತಿಂಗಳಲ್ಲಿ ಲೆಕ್ಕ ಮುಗಿಸಿ ಮನೆಗೆ ಬರೋದೇ ಎಂಟೂವರೆ. ಮಕ್ಕಳು ಮಲಗಿರ್ತಾರೆ. ಕುಟುಂಬ ಪ್ರಾರ್ಥನೆ ಹೇಗೆ ಟೀಚರ್?’

ಬೆಳಿಗ್ಗೆ ಮಾಡಿ. ಹೊರಡುವ ಮುಂಚೆ, ನಿಂತುಕೊಂಡೇ. ಕೀರ್ತನೆಗಳು 117 ತೆಗೆಯಿರಿ, ಇಡೀ ಅಧ್ಯಾಯ ಎರಡೇ ವಚನ. ಅದಾದ ಮೇಲೆ ಕರ್ತನ ಪ್ರಾರ್ಥನೆ. ‘ಅನುದಿನದ ಆಹಾರ’ ಅಂತ ಹೇಳುವಾಗ ಡಬ್ಬಿ ಕೈಯಲ್ಲೇ ಇರುತ್ತದೆ. ಪ್ರಾರ್ಥನೆ ಉದ್ದ ಇರಬೇಕು ಅಂತ ಹಠ ಹಿಡಿದ ಮನೆಗಳಲ್ಲಿ ಕೊಯ್ಲಿನ ತಿಂಗಳು ಪೂರ್ತಿ ಪ್ರಾರ್ಥನೆಯೇ ನಿಂತುಹೋಗಿದೆ. ಹಬ್ಬ ಆದ ಮೇಲೆ ಉದ್ದ ಮಾಡಿಕೊಳ್ಳಿ.

ಅಷ್ಟರಲ್ಲಿ ಅಯ್ಯನವರು ಮನೆಕೂಟದ ಹೊಸ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು. ಮೇಲ್ಗಡೆ ‘ಟೀ ಮತ್ತು ಒಂದು ತಿಂಡಿ ಮಾತ್ರ’ ಅಂತ ಕೆಂಪು ಶಾಯಿಯಲ್ಲಿ ಬರೆಸಿದ್ದರು. ಪಕ್ಕದಲ್ಲಿ ಇನ್ನೊಂದು ಸಾಲು: ‘ಟೀ ಮಾಡುವವರ ಹೆಸರು’. ಅಲ್ಲಿ ಮನೆಯಾಕೆಯ ಹೆಸರು ಬರೆಯುವ ಹಾಗಿಲ್ಲ ಅಂತ ಅವರೇ ಕೂಗಿ ಹೇಳಿದರು. ಹಿಂದಿನ ಸಾಲಿನಿಂದ ಮೊದಲು ಎದ್ದು ಬಂದವರು ನಮ್ಮ ಗ್ಯಾಸಿನವರೇ. ಹೆಸರು ಬರೆದು, ಪೆನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. ‘ಟೀ ಜೊತೆ ಒಂದು ತಿಂಡಿ ಅಂತ ಇದೆಯಲ್ಲ, ಬಿಸ್ಕತ್ತು ಲೆಕ್ಕಕ್ಕೆ ಬರುತ್ತಾ?’

ಬರುತ್ತೆ ಅಂದೆ. ಯಾವ ಬಿಸ್ಕತ್ತು ಅಂತ ನನ್ನನ್ನು ಕೇಳಬೇಡಿ ಅಂತಲೂ ಅಂದೆ.